ತಂತ್ರಜ್ಞಾನ ಕ್ಲಸ್ಟರ್ ಬೆಳೆಸುವ ಬಗೆ: ಲೆಕ್ಕ, ಲ್ಯಾಬ್ ಮತ್ತು ಜನರ ಓಡಾಟ

ಒಂದೇ ಬಗೆಯ ತಂತ್ರಜ್ಞಾನ ಕಂಪನಿಗಳು ಒಂದೇ ಪ್ರದೇಶದಲ್ಲಿ ನೆಲೆಯೂರಿದರೆ, ಅಂದರೆ ಕ್ಲಸ್ಟರ್ ಆದರೆ, ಅಲ್ಲಿನ ಉದ್ಯಮ ಬೇಗ ಬೆಳೆಯುತ್ತದೆ. ಇದಕ್ಕೆ ಮೂರು ಕಾರಣಗಳನ್ನು ಅರ್ಥಶಾಸ್ತ್ರಜ್ಞ ಆಲ್ಫ್ರೆಡ್ ಮಾರ್ಷಲ್ 1890ರಲ್ಲೇ ಗುರುತಿಸಿದ್ದರು. ಪಳಗಿದ ಕೆಲಸಗಾರರು ಒಂದೇ ಕಡೆ ಸಿಗುತ್ತಾರೆ. ಆ ಉದ್ಯಮಕ್ಕೇ ಬೇಕಾದ ಬಿಡಿಭಾಗ, ಸೇವೆ ಒದಗಿಸುವವರು ಹತ್ತಿರದಲ್ಲೇ ಹುಟ್ಟಿಕೊಳ್ಳುತ್ತಾರೆ. ಕಸುಬಿನ ಒಳಮರ್ಮ ಒಬ್ಬರಿಂದ ಒಬ್ಬರಿಗೆ ದಾಟುತ್ತದೆ. ಈ ಮೂರು ಕಾರಣಗಳು ಇವತ್ತಿಗೂ ಸಡಿಲವಾಗಿಲ್ಲ. ಆದರೂ ಎಷ್ಟೋ ಕ್ಲಸ್ಟರ್ ಯೋಜನೆಗಳ ಹಣ ಈ ಮೂರಕ್ಕೆ ಹೋಗುವುದೇ ಇಲ್ಲ; ಜಾಗ, ಕಟ್ಟಡ, ತೆರಿಗೆ ರಿಯಾಯಿತಿಯಲ್ಲೇ ಮುಗಿದುಹೋಗುತ್ತದೆ. ಕಂಪನಿಗಳು ಅಕ್ಕಪಕ್ಕ ಕೂತ ಮಾತ್ರಕ್ಕೆ ಏನೂ ಆಗುವುದಿಲ್ಲ. ಅವುಗಳ ನಡುವೆ ಜನ, ಆರ್ಡರ್, ತಿಳಿವಳಿಕೆ ಓಡಾಡಬೇಕು. ಆ ಓಡಾಟವನ್ನು ಅಳೆಯುವುದು, ಎಲ್ಲಿ ಕಟ್ಟಿಕೊಂಡಿದೆ ಎಂದು ಪತ್ತೆ ಹಚ್ಚುವುದು, ಬಿಡಿಸುವುದು ಹೇಗೆ ಎಂಬುದನ್ನು ಇಲ್ಲಿ ಹೇಳಿದೆ. ಪ್ರದೇಶಾಭಿವೃದ್ಧಿ ಕಚೇರಿ, ಉದ್ಯಮಿಗಳ ಸಂಘ, ವಿಶ್ವವಿದ್ಯಾಲಯ ಇವುಗಳಲ್ಲಿ ಯಾರು ಮುಂದಾಳಾದರೂ ಕೆಲಸದ ಕ್ರಮ ಇದೇ.

ಮೊದಲು ಇರುವುದನ್ನು ಎಣಿಸಿ

ಇಲ್ಲದ ಕ್ಲಸ್ಟರನ್ನು ಶೂನ್ಯದಿಂದ ಹುಟ್ಟಿಸುವುದು ಬಹಳ ಕಷ್ಟ. ಮೊಳಕೆಯೊಡೆದದ್ದನ್ನು ಗುರುತಿಸಿ ಬೆಳೆಸುವುದು ಸಾಧ್ಯ. ಗುರುತಿಸುವುದಕ್ಕೆ ಬಳಸುವ ಮೊದಲ ಅಳತೆ ಲೊಕೇಶನ್ ಕೋಶೆಂಟ್. ಪ್ರದೇಶದ ಒಟ್ಟು ಉದ್ಯೋಗದಲ್ಲಿ ಒಂದು ವಲಯದ ಪಾಲು ಎಷ್ಟು, ದೇಶದ ಒಟ್ಟು ಉದ್ಯೋಗದಲ್ಲಿ ಅದೇ ವಲಯದ ಪಾಲು ಎಷ್ಟು ಎಂದು ತೆಗೆದು, ಮೊದಲನೆಯದನ್ನು ಎರಡನೆಯದರಿಂದ ಭಾಗಿಸಬೇಕು.

ಒಂದು ಕಲ್ಪಿತ ಲೆಕ್ಕ ನೋಡಿ. ಪ್ರದೇಶದಲ್ಲಿ ಒಟ್ಟು 4,00,000 ಉದ್ಯೋಗಗಳಿವೆ. ಎಲೆಕ್ಟ್ರಾನಿಕ್ಸ್ ವಿನ್ಯಾಸ ಮತ್ತು ತಯಾರಿಕೆಯಲ್ಲಿ 12,000, ಅಂದರೆ ಶೇ. 3. ಇಡೀ ದೇಶದಲ್ಲಿ ಆ ವಲಯದ ಪಾಲು ಶೇ. 1.2. ಮೂರನ್ನು 1.2ರಿಂದ ಭಾಗಿಸಿದರೆ 2.5. ಸಾಮಾನ್ಯವಾಗಿ 1.25 ದಾಟಿದರೆ ಆ ವಲಯ ಅಲ್ಲಿ ಸಾಂದ್ರವಾಗಿದೆ ಎನ್ನುತ್ತಾರೆ. ಆ ಲೆಕ್ಕದಲ್ಲಿ 2.5 ಎಂದರೆ ಗಟ್ಟಿ ಅಂಕಿ.

ಇಲ್ಲಿಗೇ ನಿಲ್ಲಿಸಿದರೆ ಮೋಸಹೋಗುತ್ತೀರಿ. ಆ 12,000ದಲ್ಲಿ 10,500 ಮಂದಿ ಒಂದೇ ಕಂಪನಿಯಲ್ಲಿದ್ದಾರೆ ಎಂದುಕೊಳ್ಳಿ. ಆ ಕಂಪನಿಯನ್ನು ಬದಿಗಿಟ್ಟು ಮತ್ತೆ ಲೆಕ್ಕ ಹಾಕಿದರೆ ಉಳಿಯುವುದು 3,89,500ರಲ್ಲಿ 1,500. ಅನುಪಾತ 0.32ಕ್ಕೆ ಕುಸಿಯುತ್ತದೆ. ಅಲ್ಲಿರುವುದು ಒಂದು ದೊಡ್ಡ ಕಾರ್ಖಾನೆ, ಕ್ಲಸ್ಟರ್ ಅಲ್ಲಿಲ್ಲ. ಹಾಗಾಗಿ ಈ ಅಂಕಿಯ ಪಕ್ಕದಲ್ಲಿ ಯಾವಾಗಲೂ ಇನ್ನೊಂದನ್ನು ಬರೆದಿಡಿ: ಪ್ರತಿ ಕಂಪನಿಯ ಉದ್ಯೋಗದ ಪಾಲನ್ನು ಶೇಕಡದಲ್ಲಿ ತೆಗೆದು, ಅದರ ವರ್ಗ ಮಾಡಿ, ಎಲ್ಲವನ್ನೂ ಕೂಡಿ. ಮೇಲಿನ ಉದಾಹರಣೆಯಲ್ಲಿ ದೊಡ್ಡ ಕಂಪನಿಯೊಂದರಿಂದಲೇ (87.5 × 87.5) 7,656 ಬರುತ್ತದೆ. ಇದು 2,500 ಮೀರಿದ ಕಡೆ ಒಂದೆರಡು ಕಂಪನಿಗಳ ಅಳಿವು ಉಳಿವೇ ಇಡೀ ಪ್ರದೇಶದ ಅಳಿವು ಉಳಿವು ಎಂದು ತಿಳಿಯಿರಿ.

ಎರಡನೆಯ ಅಳತೆ ಬೆಳವಣಿಗೆಯದು. ಪ್ರದೇಶದ ಉದ್ಯೋಗ ಬೆಳೆದದ್ದು ಅಲ್ಲಿನ ಕಸುವಿನಿಂದಲೋ, ಎಲ್ಲೆಡೆ ಬೀಸಿದ ಗಾಳಿಯಿಂದಲೋ ಎಂದು ಬಿಡಿಸಿ ನೋಡುವ ಕ್ರಮಕ್ಕೆ ಶಿಫ್ಟ್-ಶೇರ್ ಎನ್ನುತ್ತಾರೆ. ಐದು ವರ್ಷದ ಹಿಂದೆ ಆ ವಲಯದಲ್ಲಿ 10,000 ಉದ್ಯೋಗಗಳಿದ್ದು ಈಗ 13,000 ಆಗಿವೆ ಎನ್ನೋಣ. ದೇಶದ ಒಟ್ಟು ಉದ್ಯೋಗ ಶೇ. 8 ಏರಿದೆ, ದೇಶದಾದ್ಯಂತ ಆ ವಲಯ ಶೇ. 22 ಏರಿದೆ. ಹೊಸ 3,000 ಉದ್ಯೋಗಗಳಲ್ಲಿ 800 ದೇಶದ ಸಾಮಾನ್ಯ ಏರಿಕೆಯ ಪಾಲು, 1,400 ವಲಯದ ಏರಿಕೆಯ ಪಾಲು. ಉಳಿದ 800 ಮಾತ್ರ ಆ ಪ್ರದೇಶದ ಸ್ವಂತ ಗಳಿಕೆ. ಕ್ಲಸ್ಟರ್ ಯೋಜನೆಯ ಯಶಸ್ಸನ್ನು ಅಳೆಯಬೇಕಾದ್ದು ಈ ಕೊನೆಯ ಅಂಕಿಯಿಂದ. ವರದಿಗಳಲ್ಲಿ 3,000 ಎಂದು ದಪ್ಪ ಅಕ್ಷರದಲ್ಲಿ ಅಚ್ಚಾಗುತ್ತದೆ, ಅದನ್ನು ನಂಬಿ ಮುಂದಿನ ಐದು ವರ್ಷದ ಹಣ ಮಂಜೂರಾಗುತ್ತದೆ, ತಪ್ಪು ಅಲ್ಲಿಂದಲೇ ಶುರುವಾಗುತ್ತದೆ.

ಲೆಕ್ಕಕ್ಕೆ ಕೂರುವ ಮುಂಚೆ ಗಡಿ ಎಲ್ಲಿ ಎಂದು ತೀರ್ಮಾನಿಸಿ. ಆಡಳಿತದ ಗಡಿಯನ್ನು ಹಿಡಿಯಬೇಡಿ. ಕೆಲಸಗಾರ ಮನೆ ಬದಲಿಸದೆ ಕಂಪನಿ ಬದಲಿಸಲು ಸಾಧ್ಯವಾಗುವಷ್ಟು ದೂರ, ಅಂದರೆ ಹೆಚ್ಚೂ ಕಡಿಮೆ ಮುಕ್ಕಾಲು ಗಂಟೆಯಿಂದ ಒಂದು ಗಂಟೆಯ ಪ್ರಯಾಣ, ಅದೇ ನಿಜವಾದ ಗಡಿ. ಇನ್ನೊಂದು ತೊಡಕು ವಲಯದ ಸಂಕೇತ ಸಂಖ್ಯೆಗಳದ್ದು. ಚಿಪ್ ವಿನ್ಯಾಸದ ಕಂಪನಿ ಸರ್ಕಾರಿ ಪಟ್ಟಿಯಲ್ಲಿ ‘ಎಂಜಿನಿಯರಿಂಗ್ ಸಲಹೆ’ ಎಂದೋ ‘ಸಾಫ್ಟ್‌ವೇರ್’ ಎಂದೋ ದಾಖಲಾಗಿರುತ್ತದೆ. ಪಟ್ಟಿಯನ್ನು ಮುಂದಿಟ್ಟುಕೊಂಡು, ಕಂಪನಿಯ ಹೆಸರು ಒಂದೊಂದಾಗಿ ಓದಿ, ಕೈಯಿಂದ ತಿದ್ದಿ. ಬೇಸರದ ಕೆಲಸ ನಿಜ. ಆದರೆ ಇದನ್ನು ಬಿಟ್ಟರೆ ಮುಂದಿನ ಎಲ್ಲ ಅಂಕಿಗಳೂ ಸುಳ್ಳಾಗುತ್ತವೆ.

ಯಾರು ಯಾರಿಂದ ಕೊಳ್ಳುತ್ತಾರೆ ಎಂಬ ನಕ್ಷೆ

ಅಂಕಿಗಳು ಕಂಪನಿಗಳು ಒಟ್ಟಿಗಿವೆ ಎಂದು ಹೇಳುತ್ತವೆ. ಅವು ಪರಸ್ಪರ ವ್ಯವಹರಿಸುತ್ತವೆಯೇ ಎಂದು ಹೇಳುವುದಿಲ್ಲ. ಅದಕ್ಕೆ 30ರಿಂದ 40 ಕಂಪನಿಗಳಿಗೆ ಹೋಗಿ ಕೂತು ಮಾತಾಡಬೇಕು. ದೊಡ್ಡವು ನಾಲ್ಕೈದು ಸಾಕು. ಮಧ್ಯಮ ಗಾತ್ರದವು ಮತ್ತು ಐದು ವರ್ಷದೊಳಗಿನವು ಹೆಚ್ಚಿರಲಿ. ಮಾತಾಡಬೇಕಾದ್ದು ಮುಖ್ಯಸ್ಥರೊಡನೆ ಮಾತ್ರವಲ್ಲ. ಖರೀದಿ ವಿಭಾಗದವರನ್ನೂ ತಯಾರಿಕೆ ಅಥವಾ ವಿನ್ಯಾಸದ ಉಸ್ತುವಾರಿಯನ್ನೂ ಕೇಳಿ. ಮುಖ್ಯಸ್ಥರು ದೂರದೃಷ್ಟಿಯ ಬಗ್ಗೆ ಹೇಳುತ್ತಾರೆ, ಖರೀದಿಯವರು ಯಾವ ಭಾಗಕ್ಕೆ ಹನ್ನೆರಡು ವಾರ ಕಾಯಬೇಕು ಎಂದು ಹೇಳುತ್ತಾರೆ.

ಕೇಳಬೇಕಾದ ಪ್ರಶ್ನೆಗಳು ಹೀಗಿರಲಿ:

1. ಹೆಚ್ಚು ಹಣ ಸುರಿಯುವ ಹತ್ತು ಬಿಡಿಭಾಗ ಮತ್ತು ಸೇವೆಗಳು ಯಾವುವು? ಪ್ರತಿಯೊಂದೂ ಎಲ್ಲಿಂದ ಬರುತ್ತದೆ, ಎಷ್ಟು ದಿನದಲ್ಲಿ?
2. ಕಳೆದ ಎರಡು ವರ್ಷದಲ್ಲಿ ಸೇರಿದ ಅನುಭವಿ ಎಂಜಿನಿಯರ್‌ಗಳು ಹಿಂದೆ ಎಲ್ಲಿದ್ದರು? ಬಿಟ್ಟವರು ಎಲ್ಲಿಗೆ ಹೋದರು?
3. ಯಾವ ಹುದ್ದೆ ಮೂರು ತಿಂಗಳಿಗೂ ಹೆಚ್ಚು ಕಾಲ ಖಾಲಿ ಬಿದ್ದಿತ್ತು?
4. ಬಗೆಹರಿಯದ ತಾಂತ್ರಿಕ ತೊಂದರೆ ಬಂದಾಗ ಕಂಪನಿಯ ಹೊರಗೆ ಯಾರಿಗೆ ಫೋನ್ ಮಾಡುತ್ತೀರಿ?
5. ಕಳೆದ ಬಾರಿ ಪರೀಕ್ಷೆಗೋ ದುರಸ್ತಿಗೋ ಪ್ರದೇಶದ ಹೊರಗೆ ಹೋಗಬೇಕಾಗಿ ಬಂದದ್ದು ಯಾವಾಗ? ಎಷ್ಟು ದಿನ ಹಾಳಾಯಿತು?

ಉತ್ತರಗಳನ್ನು ಒಂದು ಹಾಳೆಯ ಮೇಲೆ ಗೆರೆಗಳಾಗಿ ಎಳೆಯಿರಿ. ಎಲ್ಲ ಗೆರೆಗಳೂ ಪ್ರದೇಶದ ಹೊರಕ್ಕೇ ಹೋಗುತ್ತಿದ್ದರೆ ಅದು ಶಾಖಾ ಕಚೇರಿಗಳ ಸಾಲು. ಫ್ರಾನ್ಸಿನ ತಂತ್ರಜ್ಞಾನ ಪಾರ್ಕ್ ಸೋಫಿಯಾ ಆಂಟಿಪೊಲಿಸ್ 1969ರಲ್ಲಿ ಶುರುವಾಗಿ ದೊಡ್ಡ ದೊಡ್ಡ ಕಂಪನಿಗಳ ಕೇಂದ್ರಗಳನ್ನು ಸೆಳೆದರೂ, ಮೊದಲ ಎರಡು ದಶಕ ಅವುಗಳ ನಡುವೆ ಹೇಳಿಕೊಳ್ಳುವಂಥ ಕೊಡುಕೊಳೆ ಇರಲಿಲ್ಲ. ಪ್ರತಿಯೊಂದೂ ತನ್ನ ಮುಖ್ಯ ಕಚೇರಿಯ ಕಡೆ ಮುಖ ಮಾಡಿ ಕೂತಿತ್ತು. ನಾಲ್ಕನೆಯ ಪ್ರಶ್ನೆಗೆ ಬರುವ ಉತ್ತರ ಎಲ್ಲಕ್ಕಿಂತ ಬೆಲೆಯುಳ್ಳದ್ದು. ‘ಹೊರಗೆ ಯಾರಿಗೂ ಇಲ್ಲ’ ಎಂದು ಹೆಚ್ಚಿನವರು ಹೇಳಿದರೆ, ಕಟ್ಟಡಕ್ಕೆ ಒಂದು ಇಟ್ಟಿಗೆಯನ್ನೂ ಇಡದೆ ಮೊದಲು ಅದನ್ನು ಸರಿಪಡಿಸಬೇಕು.

ಜನ ಕಂಪನಿಯಿಂದ ಕಂಪನಿಗೆ ಹೋಗಲಿ

ಕ್ಲಸ್ಟರ್‌ನ ಎಂಜಿನ್ ಇದೇ. ಅಪರೂಪದ ಪರಿಣತಿಯ ಎಂಜಿನಿಯರ್ ಒಬ್ಬೊಂಟಿ ಕಂಪನಿಯ ಊರಿಗೆ ಹೋಗಲು ಹಿಂಜರಿಯುತ್ತಾರೆ. ಕಂಪನಿ ಮುಚ್ಚಿದರೆ ಸಂಸಾರ ಸಮೇತ ಊರು ಬಿಡಬೇಕು. ಅದೇ ಪರಿಣತಿ ಬೇಡುವ ಹದಿನೈದು ಕಂಪನಿಗಳಿದ್ದರೆ ಒಂದು ಕೈಬಿಟ್ಟರೂ ಇನ್ನೊಂದು ಕೈಹಿಡಿಯುತ್ತದೆ. ಕಂಪನಿಗೂ ಅಷ್ಟೇ: ದೊಡ್ಡ ಆರ್ಡರ್ ಬಂದಾಗ ಆರು ವಾರದಲ್ಲಿ ಆರು ಜನ ಪಳಗಿದವರನ್ನು ತರಬಹುದು. ಎರಡೂ ಕಡೆಯವರ ಅಪಾಯ ಇಳಿಯುವುದರಿಂದ ಎರಡೂ ಕಡೆಯವರು ಅಲ್ಲಿಗೇ ಬರುತ್ತಾರೆ.

ಈ ಓಡಾಟಕ್ಕೆ ಅಡ್ಡಿಯಾಗುವುದು ಸ್ಪರ್ಧೆ ನಿಷೇಧದ ಕರಾರು, ಅಂದರೆ ಕೆಲಸ ಬಿಟ್ಟ ಮೇಲೆ ಇಂತಿಷ್ಟು ಕಾಲ ಎದುರಾಳಿ ಕಂಪನಿ ಸೇರಬಾರದೆಂಬ ಷರತ್ತು. ಕ್ಯಾಲಿಫೋರ್ನಿಯಾದ ಕಾನೂನು 1872ರಿಂದಲೂ ಇಂಥ ಕರಾರುಗಳಿಗೆ ಮಾನ್ಯತೆ ಕೊಡುವುದಿಲ್ಲ. ಮ್ಯಾಸಚೂಸೆಟ್ಸ್‌ನಲ್ಲಿ ನ್ಯಾಯಾಲಯಗಳು ದಶಕಗಟ್ಟಲೆ ಅವನ್ನು ಎತ್ತಿಹಿಡಿದವು. 2018ರಲ್ಲಷ್ಟೇ ಒಂದು ವರ್ಷದ ಮಿತಿ ಬಂತು. 1980ರ ದಶಕದಲ್ಲಿ ಅದೇ ರಾಜ್ಯದ ಬಾಸ್ಟನ್ ಸುತ್ತಲಿನ ರೂಟ್ 128 ಹೆದ್ದಾರಿಯ ಮಿನಿಕಂಪ್ಯೂಟರ್ ಕಂಪನಿಗಳಾದ ಡಿಜಿಟಲ್ ಈಕ್ವಿಪ್‌ಮೆಂಟ್, ವ್ಯಾಂಗ್, ಡೇಟಾ ಜನರಲ್‌ಗಳು ಚಿಪ್‌ನಿಂದ ಹಿಡಿದು ಸಾಫ್ಟ್‌ವೇರ್‌ವರೆಗೆ ಆದಷ್ಟನ್ನೂ ತಮ್ಮೊಳಗೇ ಮಾಡಿಕೊಂಡು ಬಾಗಿಲು ಮುಚ್ಚಿಕೊಂಡಿದ್ದವು. ಪರ್ಸನಲ್ ಕಂಪ್ಯೂಟರ್ ಬಂದು ಮಾರುಕಟ್ಟೆ ಮಗುಚಿದಾಗ ಆ ಮೂರೂ ಹಳೆಯ ಸ್ಥಾನಕ್ಕೆ ಮರಳಲಿಲ್ಲ. ಕ್ಯಾಲಿಫೋರ್ನಿಯಾದ ಸಿಲಿಕಾನ್ ವ್ಯಾಲಿಯಲ್ಲೂ ಜಪಾನಿನ ಮೆಮೊರಿ ಚಿಪ್‌ಗಳ ಹೊಡೆತ ಅಷ್ಟೇ ಜೋರಾಗಿತ್ತು, ಆದರೆ ಜನ ಒಂದು ಕಡೆಯಿಂದ ಬಿಟ್ಟು ಇನ್ನೊಂದು ಕಡೆ ಹೊಸದನ್ನು ಶುರುಮಾಡಲು ತಡೆ ಇರಲಿಲ್ಲ. ಕರಾರಿನ ಕಾನೂನೊಂದೇ ಎಲ್ಲಕ್ಕೂ ಕಾರಣ ಎನ್ನಲಾಗದು. ಆದರೂ ಖರ್ಚಿಲ್ಲದೆ ಬದಲಿಸಬಹುದಾದ ಸಂಗತಿ ಅದೊಂದೇ.

ಕಾನೂನು ನಿಮ್ಮ ಕೈಯಲ್ಲಿಲ್ಲದಿದ್ದರೆ ಸಂಘದ ಮಟ್ಟದಲ್ಲಿ ಮಾದರಿ ನೇಮಕಾತಿ ಪತ್ರ ತಯಾರಿಸಿ. ಗುಟ್ಟು ಕಾಯುವ ಷರತ್ತು ಇರಲಿ, ಗಿರಾಕಿ ಪಟ್ಟಿ ಒಯ್ಯಬಾರದೆಂಬ ಷರತ್ತು ಇರಲಿ, ಸ್ಪರ್ಧೆ ನಿಷೇಧ ಬೇಡ. ‘ನಿಮ್ಮ ಜನರನ್ನು ನಾವು ಕರೆಯುವುದಿಲ್ಲ, ನಮ್ಮವರನ್ನು ನೀವು ಕರೆಯಬೇಡಿ’ ಎಂಬ ಒಳಒಪ್ಪಂದ ಹುಟ್ಟದಂತೆಯೂ ನೋಡಿಕೊಳ್ಳಿ. ಆಪಲ್, ಗೂಗಲ್, ಇಂಟೆಲ್, ಅಡೋಬಿ ಮೊದಲಾದ ಕಂಪನಿಗಳ ಇಂಥ ಒಪ್ಪಂದಗಳ ವಿರುದ್ಧ ಅಮೆರಿಕದ ನ್ಯಾಯಾಂಗ ಇಲಾಖೆ 2010ರಲ್ಲಿ ಮೊಕದ್ದಮೆ ಹೂಡಿತು. ನೌಕರರು ಹೂಡಿದ ದಾವೆ 2015ರಲ್ಲಿ 41.5 ಕೋಟಿ ಡಾಲರ್ ಪರಿಹಾರದೊಂದಿಗೆ ಮುಗಿಯಿತು.

ವರ್ಷಕ್ಕೆ ಎಷ್ಟು ಎಂಜಿನಿಯರ್‌ಗಳು ಕೆಲಸ ಬದಲಿಸುತ್ತಾರೆ, ಅವರಲ್ಲಿ ಎಷ್ಟು ಮಂದಿ ಪ್ರದೇಶದೊಳಗೇ ಉಳಿಯುತ್ತಾರೆ ಎಂಬ ಎರಡು ಅಂಕಿಗಳನ್ನು ಪ್ರತಿ ವರ್ಷ ದಾಖಲಿಸಿ. ಬದಲಿಸುವವರು ಬಹಳ ಕಡಿಮೆ ಇದ್ದರೆ ತಿಳಿವಳಿಕೆ ಕಂಪನಿಯೊಳಗೇ ಕೊಳೆಯುತ್ತಿದೆ. ಬದಲಿಸುವವರು ಹೆಚ್ಚಿದ್ದು ಉಳಿಯುವವರು ಕಡಿಮೆ ಇದ್ದರೆ ನೀವು ಬೇರೆ ಪ್ರದೇಶಕ್ಕೆ ತರಬೇತಿ ಶಾಲೆ ನಡೆಸುತ್ತಿದ್ದೀರಿ.

ಪೂರೈಕೆದಾರರು ಯಾವಾಗ ಬರುತ್ತಾರೆ

ವಿಶೇಷ ಸೇವೆ ಒದಗಿಸುವವರು ಗಿರಾಕಿಗಳ ಸಂಖ್ಯೆ ಒಂದು ಹಂತ ಮುಟ್ಟುವವರೆಗೆ ಬರುವುದಿಲ್ಲ. ಆ ಹಂತವನ್ನು ಲೆಕ್ಕ ಹಾಕಬಹುದು. ಚಿಪ್‌ಗಳನ್ನು ಬೋರ್ಡಿಗೆ ಜೋಡಿಸುವ ಯಂತ್ರಗಳ ದುರಸ್ತಿ ಎಂಜಿನಿಯರ್ ಒಬ್ಬರು ವರ್ಷಕ್ಕೆ 200 ಭೇಟಿ ಕೊಡಬಲ್ಲರು, ಪ್ರತಿ ಕಾರ್ಖಾನೆಗೆ ವರ್ಷಕ್ಕೆ 5 ಭೇಟಿ ಬೇಕು ಎಂದಿಟ್ಟುಕೊಳ್ಳಿ. ಅವರು ಅಲ್ಲೇ ನೆಲೆಸಬೇಕಾದರೆ 40 ಕಾರ್ಖಾನೆಗಳಿರಬೇಕು. 15 ಮಾತ್ರ ಇದ್ದರೆ ಅವರು ದೂರದ ನಗರದಲ್ಲೇ ಇರುತ್ತಾರೆ, ಯಂತ್ರ ಕೆಟ್ಟಾಗಲೆಲ್ಲ ಎರಡು ದಿನ ತಯಾರಿಕೆ ನಿಲ್ಲುತ್ತದೆ. ಇಲ್ಲಿ ಸಹಾಯಧನ ಬೇಡ. ಹದಿನೈದೂ ಕಾರ್ಖಾನೆಗಳು ಸೇರಿ ಒಂದೇ ವಾರ್ಷಿಕ ನಿರ್ವಹಣಾ ಒಪ್ಪಂದ ಮಾಡಿಕೊಂಡು, ಮೂರು ವರ್ಷಕ್ಕೆ ಕನಿಷ್ಠ ಮೊತ್ತದ ಖಾತರಿ ಕೊಟ್ಟರೆ ಎಂಜಿನಿಯರ್ ಬರುತ್ತಾರೆ. ಬಂದ ಮೇಲೆ ಹದಿನಾರನೆಯ ಕಾರ್ಖಾನೆಗೆ ಬರಲು ಒಂದು ಕಾರಣ ಹೆಚ್ಚಾಯಿತು.

ಯಾರೊಬ್ಬರಿಗೂ ಸ್ವಂತಕ್ಕೆ ಕೊಳ್ಳಲಾಗದ ಉಪಕರಣ ಇದ್ದರೆ ಹಂಚಿಕೊಂಡ ಲ್ಯಾಬ್ ಬೇಕಾಗುತ್ತದೆ. ಎಲೆಕ್ಟ್ರಾನಿಕ್ಸ್ ಕ್ಲಸ್ಟರ್‌ಗೆ ಮೊದಲು ಬೇಕಾದ್ದು ಸಾಮಾನ್ಯವಾಗಿ ವಿದ್ಯುತ್ಕಾಂತೀಯ ಹೊಂದಾಣಿಕೆಯ, ಅಂದರೆ ಇಎಂಸಿ, ಪರೀಕ್ಷಾಲಯ. ಒಂದು ಉಪಕರಣದ ವಿದ್ಯುತ್ ಗದ್ದಲ ಬೇರೆ ಉಪಕರಣಕ್ಕೆ ತೊಂದರೆ ಕೊಡುತ್ತದೆಯೇ ಎಂದು ಅಲ್ಲಿ ನೋಡುತ್ತಾರೆ. ಮೂರು ಮೀಟರ್ ದೂರದಿಂದ ಅಳೆಯುವ ಕೋಣೆ, 30 ಮೆಗಾಹರ್ಟ್ಸ್‌ನಿಂದ 6 ಗಿಗಾಹರ್ಟ್ಸ್‌ವರೆಗೆ ಅಳೆಯುವ ಆಂಟೆನಾ ಮತ್ತು ರಿಸೀವರ್, ವಿದ್ಯುತ್ ತಂತಿಯ ಮೂಲಕ ಹೊರಬೀಳುವ ಗದ್ದಲವನ್ನು 150 ಕಿಲೋಹರ್ಟ್ಸ್‌ನಿಂದ 30 ಮೆಗಾಹರ್ಟ್ಸ್‌ವರೆಗೆ ಹಿಡಿಯುವ ಜಾಲ, ಸ್ಥಿರವಿದ್ಯುತ್ ಸಿಡಿಸುವ ಗನ್, ಮೈನಸ್ 40ರಿಂದ 85 ಡಿಗ್ರಿವರೆಗೆ ಹೋಗುವ ತಾಪಮಾನದ ಪೆಟ್ಟಿಗೆ, ಇಷ್ಟಿದ್ದರೆ ಕೆಲಸ ಶುರುಮಾಡಬಹುದು.

ಹತ್ತಿರದಲ್ಲಿ ಲ್ಯಾಬ್ ಇದ್ದರೆ ಏನಾಗುತ್ತದೆ ಎಂದು ನೋಡಿ. 25 ಮೆಗಾಹರ್ಟ್ಸ್ ಗಡಿಯಾರ ಸಂಕೇತದ (ಕ್ಲಾಕ್) ಬೋರ್ಡೊಂದು ಅದರ ಐದು ಪಟ್ಟಿನಲ್ಲಿ, 125 ಮೆಗಾಹರ್ಟ್ಸ್‌ನಲ್ಲಿ, ಮಿತಿ ಮೀರಿ ರೇಡಿಯೊ ಅಲೆ ಸೂಸುತ್ತದೆ. ಎಂಜಿನಿಯರ್ ಡಿಸ್‌ಪ್ಲೇಗೆ ಹೋಗುವ ಕೇಬಲ್ ಕಿತ್ತು ಮತ್ತೆ ಅಳೆಯುತ್ತಾರೆ, ಶಿಖರ ಇಳಿಯುತ್ತದೆ. ತಪ್ಪು ಬೋರ್ಡಿನದಲ್ಲ, ಕೇಬಲ್ ಆಂಟೆನಾ ಆಗಿದೆ. ಕೇಬಲ್ಲಿಗೆ ಗದ್ದಲ ತಡೆಯುವ ಫೆರೈಟ್ ಉಂಗುರ ಹಾಕಿ, ಕೇಬಲ್ಲಿನ ಕವಚವನ್ನು ಕನೆಕ್ಟರ್ ಸುತ್ತ ಪೂರ್ತಿ ಲೋಹದ ಚೌಕಟ್ಟಿಗೆ (ಚಾಸಿ) ತಾಗಿಸಿ, ಅರ್ಧ ಗಂಟೆಯಲ್ಲಿ ಮರುಪರೀಕ್ಷೆ ಮಾಡುತ್ತಾರೆ. ಲ್ಯಾಬ್ ಬೇರೆ ನಗರದಲ್ಲಿದ್ದರೆ ಇದೇ ಕೆಲಸಕ್ಕೆ ಮುಂಗಡ ಕಾಯ್ದಿರಿಸುವಿಕೆ, ಪ್ರಯಾಣ, ವಿಫಲ ವರದಿ, ಅನುಮಾನದ ಮೇಲೆ ಬೋರ್ಡಿನ ಮರುವಿನ್ಯಾಸ ಎಂದು ಐದಾರು ವಾರ ಹಿಡಿಯುತ್ತದೆ. ವರ್ಷಕ್ಕೆ ನಾಲ್ಕು ಉತ್ಪನ್ನ ಮಾಡುವ ಸಣ್ಣ ಕಂಪನಿಗೆ ಇದು ಬದುಕು ಸಾವಿನ ವ್ಯತ್ಯಾಸ.

ಇಂಥ ಲ್ಯಾಬ್‌ಗಳು ಮುಗ್ಗರಿಸುವುದು ಉಪಕರಣದ ಕೊರತೆಯಿಂದಲ್ಲ, ದರದ ಲೆಕ್ಕದಿಂದ. ವರ್ಷಕ್ಕೆ 250 ದಿನ, ದಿನಕ್ಕೆ 8 ಗಂಟೆ, ಒಟ್ಟು 2,000 ಗಂಟೆ. ಕ್ಯಾಲಿಬ್ರೇಷನ್ (ಉಪಕರಣದ ಅಳತೆ ಸರಿಯಿದೆಯೇ ಎಂಬ ತಪಾಸಣೆ), ದುರಸ್ತಿ, ಜೋಡಣೆಗೆ ಹೋಗುವ ಕಾಲ ಕಳೆದರೆ ಸುಮಾರು 1,600. ಅದರಲ್ಲಿ 1,000 ಗಂಟೆ ಮಾರಾಟವಾದರೆ ಒಳ್ಳೆಯ ಲ್ಯಾಬ್. ಆದ್ದರಿಂದ ವರ್ಷದ ಒಟ್ಟು ಖರ್ಚನ್ನು 1,000ದಿಂದ ಭಾಗಿಸಿ ಗಂಟೆಯ ದರ ನಿಗದಿ ಮಾಡಬೇಕು. 2,000ದಿಂದ ಭಾಗಿಸಿದರೆ ಅರ್ಧ ಖರ್ಚು ಹುಟ್ಟುವುದಿಲ್ಲ. ಆಗ ಮೊದಲು ಕ್ಯಾಲಿಬ್ರೇಷನ್ ಮುಂದೂಡುತ್ತಾರೆ, ವರದಿಗೆ ಮಾನ್ಯತೆ ತಪ್ಪುತ್ತದೆ, ಗಿರಾಕಿಗಳು ಕಾಲ್ತೆಗೆಯುತ್ತಾರೆ. ಖರ್ಚಿನಲ್ಲಿ ಸಂಬಳ, ವಿದ್ಯುತ್, ಉಪಕರಣದ ಬೆಲೆಯ ಹತ್ತರಲ್ಲೊಂದರಷ್ಟು ವಾರ್ಷಿಕ ನಿರ್ವಹಣೆ, ಏಳೆಂಟು ವರ್ಷಕ್ಕೆ ಹೊಸ ರಿಸೀವರ್ ಕೊಳ್ಳಲು ತೆಗೆದಿಡುವ ಮೊತ್ತ ಎಲ್ಲವೂ ಸೇರಿರಲಿ. ಹೊಸ ಕಂಪನಿಗಳಿಗೆ ರಿಯಾಯಿತಿ ಕೊಡಬೇಕೆಂದಿದ್ದರೆ ದರ ಇಳಿಸಬೇಡಿ. ಅವರಿಗೆ ಕೂಪನ್ ಕೊಟ್ಟು ಲ್ಯಾಬ್‌ಗೆ ಪೂರ್ತಿ ದರ ಪಾವತಿಸಿ. ಉಸ್ತುವಾರಿಗೆ ಉದ್ಯಮದಲ್ಲಿ ಹತ್ತು ವರ್ಷ ಪಳಗಿದವರೇ ಬೇಕು. ಉಪಕರಣ ಬಂದ ಮೇಲೆ ಜನರನ್ನು ಹುಡುಕುವ ಬದಲು, ಜನ ಸಿಕ್ಕ ಮೇಲೆ ಅವರ ಕೈಯಲ್ಲೇ ಉಪಕರಣ ಆರಿಸಿ.

ತಿಳಿವಳಿಕೆ ದಾಟುವ ಸಭೆಗಳು

ಪೇಟೆಂಟ್‌ಗಳು ಹಿಂದಿನ ಯಾವ ಪೇಟೆಂಟ್‌ಗಳನ್ನು ಉಲ್ಲೇಖಿಸುತ್ತವೆ ಎಂದು ಹೋಲಿಸಿ ನೋಡಿದ 1993ರ ಅಮೆರಿಕದ ಪ್ರಸಿದ್ಧ ಅಧ್ಯಯನವೊಂದು, ಅದೇ ಪ್ರದೇಶದ ಪೇಟೆಂಟ್‌ಗಳ ಉಲ್ಲೇಖ ನಿರೀಕ್ಷೆಗಿಂತ ಸಾಕಷ್ಟು ಹೆಚ್ಚು ಎಂದು ತೋರಿಸಿತು. ಬರಹಕ್ಕಿಳಿದ ತಿಳಿವಳಿಕೆಯೇ ಹತ್ತಿರದವರಿಗೆ ಮೊದಲು ತಲುಪುತ್ತದೆ ಎಂದರೆ, ಬರಹಕ್ಕಿಳಿಯದ್ದು ಇನ್ನೆಷ್ಟು!

ನೂರಾರು ಜನರ ಸಮ್ಮೇಳನ, ಸಾಲು ಭಾಷಣ, ಸ್ಮರಣಿಕೆ ಇವುಗಳಿಂದ ಇದು ಆಗುವುದಿಲ್ಲ. ತಿಂಗಳಿಗೊಮ್ಮೆ, ಒಂದೇ ಕಸುಬಿನ 12ರಿಂದ 25 ಮಂದಿ, ಒಂದೂವರೆ ಗಂಟೆ. ಪರೀಕ್ಷಾ ಎಂಜಿನಿಯರ್‌ಗಳ ಗುಂಪು ಬೇರೆ, ಫರ್ಮ್‌ವೇರ್ ಬರೆಯುವವರ ಗುಂಪು ಬೇರೆ. ಒಬ್ಬರು ಬಗೆಹರಿಯದ ಸಮಸ್ಯೆಯನ್ನು ಹತ್ತು ನಿಮಿಷದಲ್ಲಿ ಇಡಬೇಕು, ಉಳಿದವರು ಪ್ರಶ್ನೆ ಕೇಳಬೇಕು. ಮ್ಯಾನೇಜರ್‌ಗಳಿಗೆ ಪ್ರವೇಶ ಬೇಡ. ಅವರಿದ್ದರೆ ಯಾರೂ ‘ನಮ್ಮಲ್ಲಿ ಇದು ಕೆಟ್ಟಿದೆ’ ಎಂದು ಬಾಯಿಬಿಡುವುದಿಲ್ಲ. ಬೆಲೆ, ಸಂಬಳ, ಟೆಂಡರ್ ಈ ಮೂರರ ಮಾತು ಕೂಡದು ಎಂಬ ನಿಯಮವನ್ನು ಪ್ರತಿ ಸಭೆಯ ಆರಂಭದಲ್ಲಿ ಓದಿ, ಅದು ಸ್ಪರ್ಧಾ ಕಾನೂನಿನ ಪ್ರಶ್ನೆ. ಮೊದಲ ಆರು ಸಭೆಗಳಿಗೆ ಸಮಸ್ಯೆ ತರುವವರನ್ನು ನೀವೇ ಮುಂಚಿತವಾಗಿ ಒಪ್ಪಿಸಿಟ್ಟುಕೊಳ್ಳಬೇಕು. ತಾನಾಗಿ ಬರುವುದು ಏಳನೆಯದರಿಂದ.

ಹೊಸ ಕಂಪನಿಗಳು ಹಳೆಯ ಕಂಪನಿಗಳಿಂದ ಹುಟ್ಟುತ್ತವೆ

1956ರಲ್ಲಿ, ಟ್ರಾನ್ಸಿಸ್ಟರ್ ಕಂಡುಹಿಡಿದವರಲ್ಲಿ ಒಬ್ಬರಾದ ವಿಲಿಯಂ ಶಾಕ್ಲಿ ಸಿಲಿಕಾನ್ ವ್ಯಾಲಿಯ ಮೌಂಟನ್ ವ್ಯೂನಲ್ಲಿ ಪ್ರಯೋಗಾಲಯ ತೆರೆದರು. ಮರುವರ್ಷವೇ ಎಂಟು ಮಂದಿ ಹೊರನಡೆದು ಫೇರ್‌ಚೈಲ್ಡ್ ಸೆಮಿಕಂಡಕ್ಟರ್ ಎಂಬ ಚಿಪ್ ಕಂಪನಿ ಕಟ್ಟಿದರು. ಅವರಲ್ಲಿ ಇಬ್ಬರು, ರಾಬರ್ಟ್ ನಾಯ್ಸ್ ಮತ್ತು ಗಾರ್ಡನ್ ಮೂರ್, 1968ರಲ್ಲಿ ಇಂಟೆಲ್ ಶುರುಮಾಡಿದರು. ಇನ್ನೊಬ್ಬರು, ಯೂಜೀನ್ ಕ್ಲೈನರ್, 1972ರಲ್ಲಿ ಕ್ಲೈನರ್ ಪರ್ಕಿನ್ಸ್ ಎಂಬ ಹೂಡಿಕೆ ಸಂಸ್ಥೆಯ ಸ್ಥಾಪಕರಲ್ಲಿ ಒಬ್ಬರಾದರು. ಬಂಡವಾಳ ಹೊರಗಿನಿಂದ ಬಂದು ಕ್ಲಸ್ಟರ್ ಮಾಡಲಿಲ್ಲ, ಕ್ಲಸ್ಟರ್‌ನೊಳಗಿನವರೇ ಮುಂದೆ ಬಂಡವಾಳಗಾರರಾದರು. ತೈವಾನಿನಲ್ಲಿ ಇದೇ ಕೆಲಸವನ್ನು ಸರ್ಕಾರಿ ಸಂಶೋಧನಾ ಸಂಸ್ಥೆ ಮಾಡಿತು. ಐಟಿಆರ್‌ಐ ಎಂಬ ಆ ಸಂಸ್ಥೆ 1973ರಲ್ಲಿ ಶುರುವಾಯಿತು, 1976ರಲ್ಲಿ ಅಮೆರಿಕದ ಆರ್‌ಸಿಎ ಕಂಪನಿಯಿಂದ ಚಿಪ್ ತಯಾರಿಕೆಯ ತಂತ್ರಜ್ಞಾನ ಪಡೆಯಿತು, ಹಿಂಚು ವಿಜ್ಞಾನ ಪಾರ್ಕ್ ತೆರೆದ 1980ರಲ್ಲೇ ಐಟಿಆರ್‌ಐಯಿಂದ ಯುಎಂಸಿ ಎಂಬ ಚಿಪ್ ಕಂಪನಿ ಬೇರ್ಪಟ್ಟಿತು, 1987ರಲ್ಲಿ ಟಿಎಸ್‌ಎಂಸಿ ಎಂಬ ಇನ್ನೊಂದು. ಪಾರ್ಕ್ ಬಾಗಿಲು ತೆರೆಯುವ ಹೊತ್ತಿಗೆ ಪಳಗಿದ ತಂಡ ಒಳಗೆ ಬರಲು ಸಿದ್ಧವಾಗಿ ನಿಂತಿತ್ತು. ಇದನ್ನು ಗಮನಿಸದೆ ಹಿಂಚುವಿನ ಕಟ್ಟಡಗಳನ್ನಷ್ಟೇ ನಕಲು ಮಾಡಿದರೆ ಉಪಯೋಗವಿಲ್ಲ.

ಹಾಗಾಗಿ ವಿಶ್ವವಿದ್ಯಾಲಯ, ಸಂಶೋಧನಾ ಸಂಸ್ಥೆಗಳ ಜೊತೆ ನಾಲ್ಕು ನಿಯಮಗಳನ್ನು ಮೊದಲೇ ಬರೆದಿಡಿ. ಕಂಪನಿ ಶುರುಮಾಡಲು ಹೋಗುವವರಿಗೆ ಎರಡು ವರ್ಷದ ರಜೆ, ಮರಳಿ ಬರುವ ಹಕ್ಕು. ಪೇಟೆಂಟ್ ಬಳಕೆಗೆ ಸಿದ್ಧ ಮಾದರಿಯ ಒಪ್ಪಂದ, ಸಂಸ್ಥೆಗೆ ಸಣ್ಣ ನಿಗದಿತ ಪಾಲು. ಅರ್ಜಿಗೆ 60 ದಿನದಲ್ಲಿ ಉತ್ತರ. ಹಳೆಯ ಲ್ಯಾಬನ್ನು ದರ ಕೊಟ್ಟು ಬಳಸುವ ಅವಕಾಶ. ಸಂಸ್ಥೆ ಮೂವತ್ತು ನಲವತ್ತು ಶೇಕಡ ಪಾಲು ಕೇಳಿದರೆ ಮುಂದಿನ ಹೂಡಿಕೆದಾರರು ಹತ್ತಿರ ಸುಳಿಯುವುದಿಲ್ಲ, ಕಂಪನಿ ಕಾಗದದಲ್ಲೇ ಸಾಯುತ್ತದೆ.

ಮೊದಲ ಗಿರಾಕಿ ಬಂಡವಾಳಕ್ಕಿಂತ ದೊಡ್ಡವರು. ಫೇರ್‌ಚೈಲ್ಡ್‌ನ ಐಸಿಗಳಿಗೆ (ಚಿಪ್‌ಗಳಿಗೆ) ಆರಂಭದ ದೊಡ್ಡ ಗಿರಾಕಿಗಳಲ್ಲೊಂದು ಅಪೊಲೊ ನೌಕೆಯ ಮಾರ್ಗದರ್ಶಿ ಕಂಪ್ಯೂಟರ್. ಆಸ್ಪತ್ರೆ, ನೀರು ಸರಬರಾಜು, ಸಾರಿಗೆ ಮುಂತಾದ ಸಾರ್ವಜನಿಕ ಸಂಸ್ಥೆಗಳು ಸಣ್ಣ ಲಾಟುಗಳಲ್ಲಿ, 50 ಅಥವಾ 100 ಘಟಕಗಳಂತೆ, ಕೊಳ್ಳಲು ಒಪ್ಪಿಸಿ. ಟೆಂಡರಿನಲ್ಲಿ ‘ಕಳೆದ ಮೂರು ವರ್ಷದ ವಹಿವಾಟು’ ಎಂಬ ಷರತ್ತಿದ್ದರೆ ಹೊಸ ಕಂಪನಿಗಳೆಲ್ಲ ಬಾಗಿಲಲ್ಲೇ ನಿಲ್ಲುತ್ತವೆ. ಅದರ ಬದಲು ಅಳೆಯಬಹುದಾದ ಸ್ವೀಕಾರ ಪರೀಕ್ಷೆ ಇಟ್ಟು, ಪಾಸಾದ 30 ದಿನದಲ್ಲಿ ಹಣ ಕೊಡಿ.

ಸರ್ಕಾರದ ಹೂಡಿಕೆಯ ವಿಷಯಕ್ಕೆ ಬಂದರೆ ಇಸ್ರೇಲ್ ಸರ್ಕಾರದ ಯೊಜ್ಮಾ ಹೂಡಿಕೆ ಯೋಜನೆ ಒಳ್ಳೆಯ ಮಾದರಿ. 1993ರಲ್ಲಿ 10 ಕೋಟಿ ಡಾಲರ್‌ನೊಂದಿಗೆ ಶುರುವಾಗಿ ಹತ್ತು ಖಾಸಗಿ ನಿಧಿಗಳಿಗೆ ಹಣ ಹಾಕಿತು. ಪ್ರತಿ ನಿಧಿಯಲ್ಲೂ ಅನುಭವಿ ವಿದೇಶಿ ಹೂಡಿಕೆದಾರರು ಇರಲೇಬೇಕು, ಸರ್ಕಾರದ ಪಾಲು ಶೇ. 40ರವರೆಗೆ ಮಾತ್ರ, ಐದು ವರ್ಷದೊಳಗೆ ಆ ಪಾಲನ್ನು ಮೊದಲೇ ಗೊತ್ತುಮಾಡಿದ ಬೆಲೆಗೆ ಕೊಳ್ಳುವ ಹಕ್ಕು ಖಾಸಗಿಯವರಿಗೆ. ನಷ್ಟಕ್ಕೆ ಖಾತರಿ ಕೊಡುವ ಬದಲು ಲಾಭದ ಆಸೆಯನ್ನು ಹೆಚ್ಚಿಸಿದ್ದು ಅದರ ಜಾಣ್ಮೆ. ನಷ್ಟಕ್ಕೆ ಖಾತರಿ ಕೊಟ್ಟರೆ ಹೂಡಿಕೆದಾರರು ಕಂಪನಿಯನ್ನು ಸರಿಯಾಗಿ ನೋಡುವುದನ್ನೇ ಬಿಡುತ್ತಾರೆ.

ಜಾಗ ಮತ್ತು ರಿಯಾಯಿತಿ

ಇದರ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಸಣ್ಣ ಅಳತೆಯ, ತಿಂಗಳ ನೋಟಿಸಿನಲ್ಲಿ ಬಿಡಬಹುದಾದ ಬಾಡಿಗೆ ಕೋಣೆಗಳು, ಕಡಿತವಿಲ್ಲದ ವಿದ್ಯುತ್, ಎರಡು ಬೇರೆ ಬೇರೆ ಮಾರ್ಗಗಳ ಫೈಬರ್, ಜನವಸತಿಗೆ ಹತ್ತಿರ, ಇಷ್ಟು ಸಾಕು. ತೆರಿಗೆ ರಿಯಾಯಿತಿ ಕೊಡುವುದಾದರೆ ಉದ್ಯೋಗದ ಸಂಖ್ಯೆಗೆ ಮಾತ್ರ ಕಟ್ಟಬೇಡಿ. ಸ್ಥಳೀಯ ಖರೀದಿ ಮತ್ತು ಸ್ಥಳೀಯ ವಿನ್ಯಾಸ ಕೆಲಸಕ್ಕೂ ಕಟ್ಟಿ. ರಿಯಾಯಿತಿಗೆ ಬಂದವರು ರಿಯಾಯಿತಿ ಮುಗಿದ ದಿನ ಗಂಟುಮೂಟೆ ಕಟ್ಟುತ್ತಾರೆ. ಅಮೆರಿಕದ ರಿಸರ್ಚ್ ಟ್ರಯಾಂಗಲ್ ಪಾರ್ಕ್ 1959ರಲ್ಲಿ ಶುರುವಾದರೂ ಐಬಿಎಂ ಬಂದದ್ದು 1965ರಲ್ಲಿ. ಐಟಿಆರ್‌ಐಯಿಂದ ಟಿಎಸ್‌ಎಂಸಿಗೆ 14 ವರ್ಷ. ಮೂರು ವರ್ಷದ ಯೋಜನೆ ಬರೆದು ಮೂರನೆಯ ವರ್ಷ ಫಲ ಕೇಳಿದರೆ ಅಂಕಿಗಳನ್ನು ತಿದ್ದುವವರು ಮಾತ್ರ ಉಳಿಯುತ್ತಾರೆ.

ಬೆಳೆದ ಮೇಲೆ ಬರುವ ತೊಂದರೆಗಳು

ಬಾಡಿಗೆ ಏರುತ್ತದೆ, ಪ್ರಯಾಣದ ಕಾಲ ಹೆಚ್ಚುತ್ತದೆ. ತಂತ್ರಜ್ಞಾನ ವಲಯದ ಒಂದು ಉದ್ಯೋಗ ಸ್ಥಳೀಯ ಸೇವೆಗಳಲ್ಲಿ ಸುಮಾರು ಐದು ಉದ್ಯೋಗ ಹುಟ್ಟಿಸುತ್ತದೆ ಎಂಬುದು ಅಮೆರಿಕದ ನಗರಗಳ ಬಗ್ಗೆ ಅರ್ಥಶಾಸ್ತ್ರಜ್ಞ ಎನ್ರಿಕೊ ಮೊರೆಟ್ಟಿ ಮಾಡಿದ ಅಂದಾಜು. ಆದರೆ ಆ ಐವರಿಗೆ ಮನೆ ಸಿಗದಿದ್ದರೆ ಬೆಳವಣಿಗೆಯ ಲಾಭ ಪೂರ್ತಿ ನೆಲದ ಮಾಲೀಕರಿಗೆ ಹೋಗುತ್ತದೆ. ಮನೆ ಬಾಡಿಗೆ ಹೊಸ ಎಂಜಿನಿಯರ್‌ನ ಸಂಬಳದ ಮೂರನೇ ಒಂದು ಭಾಗ ದಾಟಿದಾಗ ಅದನ್ನು ಎಚ್ಚರಿಕೆಯ ಗಂಟೆ ಎಂದು ತಿಳಿದು ವಸತಿ ಮತ್ತು ಸಾರಿಗೆಗೆ ಹಣ ತಿರುಗಿಸಿ.

ಇನ್ನೊಂದು ಅಪಾಯ ಎಲ್ಲರೂ ಒಂದೇ ಉತ್ಪನ್ನಕ್ಕೆ ನೆಚ್ಚಿಕೊಳ್ಳುವುದು. ಅದರ ಮುನ್ಸೂಚನೆ ನಕ್ಷೆಯಲ್ಲೇ ಕಾಣುತ್ತದೆ: ಪ್ರದೇಶದ ಹೊರಗಿನ ಗೆರೆಗಳು ವರ್ಷ ವರ್ಷ ಕಡಿಮೆಯಾಗುತ್ತವೆ, ಎಲ್ಲ ಪೂರೈಕೆದಾರರ ಅರ್ಧಕ್ಕಿಂತ ಹೆಚ್ಚು ಆದಾಯ ಒಂದೇ ಗಿರಾಕಿಯಿಂದ ಬರತೊಡಗುತ್ತದೆ. ಆಗ ಪೂರೈಕೆದಾರರನ್ನು ಬೇರೆ ಉದ್ಯಮದ ಮೇಳಗಳಿಗೆ ಕಳಿಸಿ. ಫೋನಿಗೆ ರೇಡಿಯೊ ಮಾಡುವವರು ವೈದ್ಯಕೀಯ ಉಪಕರಣಕ್ಕೂ ಮಾಡಬಲ್ಲರು, ಆದರೆ ಅಲ್ಲಿನ ಗುಣಮಟ್ಟದ ಪ್ರಮಾಣಪತ್ರ ಪಡೆಯಲು ವರ್ಷಕ್ಕೂ ಹೆಚ್ಚು ಬೇಕು. ಆದ್ದರಿಂದ ಆರ್ಡರ್ ತುಂಬಿರುವಾಗಲೇ ಶುರುಮಾಡಬೇಕು.

ದೊಡ್ಡ ಕಂಪನಿ ಬಿದ್ದೇಬಿಟ್ಟರೆ ಮೊದಲ ಮೂರು ತಿಂಗಳಲ್ಲಿ ಮಾಡುವ ಕೆಲಸ ಮುಖ್ಯ. ಉಪಕರಣಗಳು ತುಂಡು ತುಂಡಾಗಿ ಹರಾಜಾಗಿ ಹೊರಗೆ ಹೋಗದಂತೆ ದಿವಾಳಿ ಆಡಳಿತಾಧಿಕಾರಿಯ ಜೊತೆ ಮಾತಾಡಿ. ಜರ್ಮನಿಯ ಡ್ರೆಸ್ಡೆನ್‌ನಲ್ಲಿ ಮೆಮೊರಿ ಚಿಪ್ ಕಂಪನಿ ಕಿಮೊಂಡಾ 2009ರ ಜನವರಿಯಲ್ಲಿ ದಿವಾಳಿ ಅರ್ಜಿ ಹಾಕಿತು. ಅದರ ಶುದ್ಧಕೋಣೆ (ಚಿಪ್ ತಯಾರಿಸುವ ಧೂಳಿಲ್ಲದ ಕೋಣೆ) ಮತ್ತು 300 ಮಿಲಿಮೀಟರ್ ಸಿಲಿಕಾನ್ ಬಿಲ್ಲೆಗಳ ಉಪಕರಣಗಳನ್ನು 2011ರಲ್ಲಿ ಇನ್‌ಫಿನಿಯನ್ ಎಂಬ ಚಿಪ್ ಕಂಪನಿ ಕೊಂಡು ಪವರ್ ಚಿಪ್ ತಯಾರಿಕೆಗೆ ಬಳಸಿಕೊಂಡಿತು. ಕೆಲಸ ಹೋದವರ ಪರಿಣತಿಯ ಪಟ್ಟಿಯನ್ನು ಎರಡು ವಾರದಲ್ಲಿ ತಯಾರಿಸಿ, ಹೆಸರಿನ ಕ್ರಮದಲ್ಲಿ ಬೇಡ, ತಂಡಗಳ ಕ್ರಮದಲ್ಲಿ. ಐದಾರು ವರ್ಷ ಒಟ್ಟಿಗೆ ದುಡಿದ ತಂಡವನ್ನು ಪೂರ್ತಿಯಾಗಿ ಸೇರಿಸಿಕೊಳ್ಳುವ ಕಂಪನಿ ಸಿಕ್ಕರೆ ತಿಳಿವಳಿಕೆ ಚೆದುರುವುದಿಲ್ಲ. ನೋಕಿಯಾ 2011ರಲ್ಲಿ ಬ್ರಿಡ್ಜ್ ಎಂಬ ಕಾರ್ಯಕ್ರಮ ತಂದು, ಕೆಲಸ ಕಳೆದುಕೊಂಡವರು ಸ್ವಂತ ಕಂಪನಿ ತೆರೆಯಲು ತಲಾ 25,000 ಯೂರೊವರೆಗೆ ಕೊಟ್ಟಿತು. ಸುಮಾರು ಸಾವಿರ ಕಂಪನಿಗಳು ಹುಟ್ಟಿದವು. ಕಂಪನಿ ಬಳಸದೆ ಬಿಟ್ಟ ಪೇಟೆಂಟ್‌ಗಳನ್ನೂ ಆ ತಂಡಗಳಿಗೇ ಸುಲಭ ಷರತ್ತಿನಲ್ಲಿ ಕೊಡಿಸಿ. ಲ್ಯಾಬ್‌ನ ಕೂಪನ್‌ಗಳನ್ನು ಆ ಮೂರು ತಿಂಗಳು ಇಮ್ಮಡಿಗೊಳಿಸಿ, ಪರಿಹಾರದ ಹಣ ಕೈಯಲ್ಲಿರುವಾಗಲೇ ಮೊದಲ ಬೋರ್ಡು ಪರೀಕ್ಷೆಗೆ ಬರಲಿ.